ಸಹಾಯ ಬೇಕು: ನ್ಯೂಜಿಲೆಂಡಿನ ‘ಕಲಿಕೆಯ ಕಥೆ’ ಬರೆದು ಅಭ್ಯಾಸ ಇರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನ್ಯೂಜಿಲೆಂಡಿನ ಶಿಶುವಿಹಾರಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಗುಂಪಿನಲ್ಲಿದ್ದರೆ ದಯವಿಟ್ಟು ಓದಿ.

ಅಲ್ಲಿನ ಶಿಶುವಿಹಾರಗಳ ‘ತೆ ಫಾರಿಕಿ’ ಪಠ್ಯಕ್ರಮ 1996ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯಾಯಿತು. ಫಾರಿಕಿ ಎಂದರೆ ಮಾವೋರಿ ಭಾಷೆಯಲ್ಲಿ ಹೆಣೆದ ಚಾಪೆ; ಎಷ್ಟು ಚೆಂದದ ಹೆಸರು! ಈ ಪಠ್ಯಕ್ರಮಕ್ಕೆ ಹೊಂದುವಂತೆ ಅಲ್ಲಿನ ಶಿಕ್ಷಣ ತಜ್ಞೆ ಮಾರ್ಗರೆಟ್ ಕಾರ್ ಮತ್ತು ಸಂಗಡಿಗರು ರೂಪಿಸಿದ, ಮಗುವಿನ ಕಲಿಕೆಯನ್ನು ದಾಖಲಿಸುವ ವಿಧಾನವಾದ ‘ಕಲಿಕೆಯ ಕಥೆ’ಯಲ್ಲಿ ಮಗುವಿಗೆ ಅಂಕ ಕೊಡುವುದಿಲ್ಲ. ಏನು ನಡೆಯಿತು, ಅದರಲ್ಲಿ ಯಾವ ಕಲಿಕೆ ಕಂಡಿತು, ಮುಂದೇನು ಮಾಡೋಣ ಎಂದು ಬರೆಯುತ್ತಾರೆ, ಅಷ್ಟೇ.

ಇದನ್ನು ಅಂಗನವಾಡಿ ಕಾರ್ಯಕರ್ತೆಯರಿಗೆ ಕಲಿಸಲು ಕನ್ನಡದ ಮಾದರಿಗಳನ್ನು ಸಿದ್ಧಮಾಡುತ್ತಿದ್ದೇವೆ. ಎಡವುವುದು ‘ಏನು ನಡೆಯಿತು’ ಎಂಬ ಮೊದಲ ಹಂತದಲ್ಲೇ. ‘ಮಗು ಚೆನ್ನಾಗಿ ಆಡಿತು’ ಎಂದು ಬರೆದರೆ ಮುಂದಿನ ಹೆಜ್ಜೆಗೆ ದಾರಿಯೇ ಸಿಗದು. ‘ಲೋಟದಿಂದ ಬಾಟಲಿಗೆ ರಾಗಿ ಸುರಿದಳು, ಚೆಲ್ಲಿತು, ಎರಡನೇ ಸಲ ಕಾಗದ ಸುತ್ತಿ ಬಾಟಲಿಯ ಬಾಯಿಗಿಟ್ಟು ಸುರಿದಳು’ ಎಂದು ಬರೆದರೆ, ನಾಳೆ ಅವಳ ಮುಂದೆ ಆಲಿಕೆಯನ್ನೂ ಸಣ್ಣ ಬಾಯಿಯ ಬಾಟಲಿಯನ್ನೂ ಇಡಬೇಕೆಂದು ತಾನಾಗಿ ಹೊಳೆಯುತ್ತದೆ.

ನಿಜವಾದ ತೊಡಕು ಸಮಯದ್ದು. ಅಲ್ಲಿ ಎರಡು ವರ್ಷ ದಾಟಿದ 20 ಮಕ್ಕಳಿಗೆ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕು. ಇಲ್ಲಿ ಕಾರ್ಯಕರ್ತೆಯೊಬ್ಬರೇ ಪಾಠ, ತೂಕ, ದಾಖಲೆ ಎಲ್ಲ ನೋಡಬೇಕು, ಸಹಾಯಕಿ ಅಡುಗೆಯಲ್ಲಿರುತ್ತಾರೆ.

ಹಾಗಾಗಿ ಕೇಳುವುದಿಷ್ಟು: ಒಂದು ಮಗುವಿಗೆ ತಿಂಗಳಿಗೆ ಎಷ್ಟು ಕಥೆ ಬರೆಯುತ್ತೀರಿ? ಆಟದ ನಡುವೆಯೇ ಟಿಪ್ಪಣಿ ಮಾಡುತ್ತೀರಾ, ಆಮೇಲಾ? ಓದಲು ಬಾರದ ಪೋಷಕರಿಗೆ ಹೇಗೆ ತಲುಪಿಸುತ್ತೀರಿ? ಮಗುವಿನ ಹೆಸರು, ಫೋಟೊ ಅಳಿಸಿದ ಒಂದೆರಡು ಮಾದರಿ ಕಳಿಸಿದರೂ ದೊಡ್ಡ ಉಪಕಾರ.