2000ರ ಟಕೋಮಾಗೆ ಸೂಪರ್‌ಚಾರ್ಜರ್ ಹಾಕಿಸಬಹುದಾ?

ಘಾಟಿ_ಗಾಡಿ:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಕೊಲರಾಡೊದಲ್ಲಿ, ಡೆನ್ವರ್ ಹತ್ತಿರ. ನನ್ನದು 2000ನೇ ಇಸವಿಯ ಟೊಯೊಟಾ ಟಕೋಮಾ ಪಿಕಪ್. 3.4 ಲೀಟರ್ ವಿ6, ಫೋರ್ ವೀಲ್ ಡ್ರೈವ್, ಆಟೋಮ್ಯಾಟಿಕ್ ಗೇರ್. ಗಾಡಿ ತುಂಬಾ ಇಷ್ಟ, ಮಾರುವ ಮಾತೇ ಇಲ್ಲ. ಹಾಗಾಗಿ "ಹೊಸದು ತಗೊಳ್ಳಿ" ಅನ್ನುವ ಸಲಹೆ ದಯವಿಟ್ಟು ಬೇಡ.

ಊರಲ್ಲಿ ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಐ-70 ಹೆದ್ದಾರಿಯಲ್ಲಿ ಐಸೆನ್‌ಹವರ್ ಸುರಂಗದ ಕಡೆ ಹತ್ತುವಾಗ ಮಾತ್ರ ಗಾಡಿಗೆ ಉಸಿರೇ ಇರುವುದಿಲ್ಲ. ಹಿಂದೆ ಸಣ್ಣ ಟ್ರೇಲರ್ ಇದ್ದರಂತೂ ಗೇರ್ ತಾನೇ ಕೆಳಗಿಳಿದು ಇಂಜಿನ್ ಕಿರುಚುತ್ತದೆ, ನಾನು ಲಾರಿಗಳ ಜೊತೆ ಬಲಗಡೆ ಲೇನಿನಲ್ಲೇ ಹೋಗಬೇಕು. ಟೈರ್ 33 ಇಂಚಿನದು, ಡಿಫರೆನ್ಷಿಯಲ್ ಗೇರ್ ಅನುಪಾತ ಕಂಪನಿಯಿಂದ ಬಂದ 4.10.

ಈಗ ಒಬ್ಬರ ಹತ್ತಿರ ಹಳೆಯ ಟಿಆರ್‌ಡಿ (ಟೊಯೊಟಾದ ರೇಸಿಂಗ್ ವಿಭಾಗ) ಸೂಪರ್‌ಚಾರ್ಜರ್ ಕಿಟ್ ಇದೆ, ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬಿಸುವ ಸಾಧನ. ಓಡುತ್ತಿದ್ದ ಗಾಡಿಯಿಂದಲೇ ಬಿಚ್ಚಿದ್ದು ಅನ್ನುತ್ತಾರೆ. ಇಷ್ಟು ಹಳೆಯ ಇಂಜಿನ್ ಇದನ್ನು ತಡೆದುಕೊಳ್ಳುತ್ತದಾ? ಜೊತೆಗೆ ಇನ್ನೇನೇನು ಬದಲಾಯಿಸಬೇಕು? 7ನೇ ಇಂಜೆಕ್ಟರ್ ಬೇಕೇ ಬೇಕು ಅಂತ ಕೆಲವರು ಹೇಳುತ್ತಾರೆ, ಬೇಡ ಅಂತ ಇನ್ನು ಕೆಲವರು. ಅದು ನಿಜವಾಗಿ ಏನು ಮಾಡುತ್ತದೆ? ಅನುಭವ ಇರುವವರು ಸ್ವಲ್ಪ ಬಿಡಿಸಿ ಹೇಳಿ.

ಸ್ಪ್ಯಾನರ್_ಸ್ವಾಮಿ:

ಹಾಕಬಹುದು, ಧಾರಾಳವಾಗಿ ಹಾಕಬಹುದು. ನಿಮ್ಮ 5ವಿಜೆಡ್-ಎಫ್‌ಇ ಇಂಜಿನ್ ಗಟ್ಟಿ ಜಾತಿಯದು. ಆದರೆ ಇಂಜಿನ್ ಹಳೆಯದು ಅನ್ನುವುದಕ್ಕಿಂತ ಹೇಗಿದೆ ಅನ್ನುವುದು ಮುಖ್ಯ. ಕಿಟ್‌ಗೆ ದುಡ್ಡು ಕೊಡುವ ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ಡೆನ್ವರ್‌ನಲ್ಲಿ ಗಾಳಿ ತೆಳು, ಹಾಗಾಗಿ ಪುಸ್ತಕದಲ್ಲಿ ಇರುವ ಅಂಕಿಗಿಂತ ಕಡಿಮೆಯೇ ಬರುತ್ತದೆ, ಅದಕ್ಕೆ ಹೆದರಬೇಡಿ. ಆರು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ನೋಡಿ. 15 ಪಿಎಸ್‌ಐಗಿಂತ ಜಾಸ್ತಿ ಇದ್ದರೆ ಸೂಪರ್‌ಚಾರ್ಜರ್ ಮಾತು ಅಲ್ಲಿಗೇ ಬಿಡಿ, ಮೊದಲು ಇಂಜಿನ್ ಸರಿ ಮಾಡಿಸಿ.

ಆ ಕಿಟ್ ಒಳಗೆ ಇರುವುದು ಈಟನ್ ಎಂಪಿ62, ರೂಟ್ಸ್ ಮಾದರಿಯ ಬ್ಲೋವರ್, ಅಂದರೆ ಎರಡು ರೋಟರ್ ತಿರುಗಿ ಗಾಳಿ ತಳ್ಳುವಂಥದು. ಬೆಲ್ಟ್‌ನಿಂದ ತಿರುಗುತ್ತದೆ, ಟರ್ಬೊ ಥರ ಕಾಯುವ ಕೆಲಸ ಇಲ್ಲ, ಕಾಲಿಟ್ಟ ಕೂಡಲೇ ಎಳೆಯುತ್ತದೆ. ಸಮುದ್ರ ಮಟ್ಟದಲ್ಲಿ ಸುಮಾರು 6 ಪಿಎಸ್‌ಐ ಬೂಸ್ಟ್ (ಹೆಚ್ಚುವರಿ ಗಾಳಿ ಒತ್ತಡ) ಕೊಡುತ್ತದೆ. ಕಂಪನಿ ಇಂಜಿನ್ 190 ಹಾರ್ಸ್‌ಪವರ್, ಇದು ಬಿದ್ದ ಮೇಲೆ 250 ದಾಟುತ್ತದೆ. ಆದರೆ ಅದು ಸಮುದ್ರ ಮಟ್ಟದ ಲೆಕ್ಕ. ನೀವಿರುವ ಜಾಗದ ಲೆಕ್ಕ ಬೇರೆ.

ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, ಡೆನ್ವರ್‌ನಲ್ಲಿ ಸುಮಾರು 12. ಅಂದರೆ ನಿಮ್ಮ 190ರಲ್ಲಿ ಆರನೇ ಒಂದು ಪಾಲು ಮನೆ ಬಾಗಿಲಲ್ಲೇ ಹೋಯಿತು. ಸುರಂಗ ಇರುವುದು 11,000 ಅಡಿಗೂ ಮೇಲೆ, ಅಲ್ಲಿ ಮೂರನೇ ಒಂದು ಪಾಲು ಹೋಗಿರುತ್ತದೆ. ಗಾಡಿಯದು ಏನೂ ತಪ್ಪಿಲ್ಲ! ರೂಟ್ಸ್ ಬ್ಲೋವರ್ ಸಿಕ್ಕ ಗಾಳಿಯನ್ನೇ ಸುಮಾರು 1.4 ಪಟ್ಟು ಒತ್ತುತ್ತದೆ. 12ನ್ನು 1.4ರಿಂದ ಗುಣಿಸಿದರೆ 17 ಹತ್ತಿರ. ಮೀಟರಿನಲ್ಲಿ 6ರ ಬದಲು 5 ತೋರಿಸುತ್ತದೆ, ಕಿಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎತ್ತರ ಕಿತ್ತುಕೊಂಡಿದ್ದನ್ನು ಇದು ಡೆನ್ವರ್‌ನಲ್ಲಿ ವಾಪಸ್ ಕೊಟ್ಟು, ಮೇಲೆ ಸ್ವಲ್ಪ ಸೇರಿಸುತ್ತದೆ; ಸುರಂಗದ ಹತ್ತಿರ ಕಳೆದುಹೋದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ. ಇಂಜಿನ್ ಮೇಲೆ ಬೀಳುವ ಭಾರ ಮಾತ್ರ ಕಡಲತೀರದವರ ಗಾಡಿಗಿಂತ ಕಡಿಮೆ. ಅದಕ್ಕೇ ಹೇಳುತ್ತಿದ್ದೇನೆ, ಇದು ನಿಮ್ಮಂಥ ಊರಿಗೆ ಸರಿಯಾದ ಸಾಮಾನು ಅಂತ.

ಈಗ 7ನೇ ಇಂಜೆಕ್ಟರ್ ವಿಷಯ. ನಿಧಾನಕ್ಕೆ ಓಡಿಸುವಾಗ ಕಂಪ್ಯೂಟರ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ಸರಿ ಮಾಡುತ್ತಾ ಇರುತ್ತದೆ. ಪೂರ್ತಿ ತುಳಿದಾಗ ಅದನ್ನು ನೋಡುವುದು ಬಿಟ್ಟು, ತನ್ನ ಪಟ್ಟಿಯಲ್ಲಿ ಇದ್ದಷ್ಟು ಪೆಟ್ರೋಲ್ ಕೊಡುತ್ತದೆ. ಆ ಪಟ್ಟಿ ಮಾಡಿದ್ದು ಬ್ಲೋವರ್ ಇಲ್ಲದ ಇಂಜಿನ್‌ಗೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೆ ಒಳಗೆ ಬಿಸಿ ಏರಿ ನಾಕ್ ಆಗುತ್ತದೆ (ಪೆಟ್ರೋಲ್ ತಾನಾಗಿಯೇ ಸಿಡಿಯುತ್ತದೆ), ಪಿಸ್ಟನ್ ಒಡೆಯುವುದು ಹಾಗೆಯೇ. 7ನೇ ಇಂಜೆಕ್ಟರ್ ಗಾಳಿ ಹೋಗುವ ದಾರಿಯಲ್ಲೇ ಕೂತು, ಬೂಸ್ಟ್ ಬಂದಾಗ ಮಾತ್ರ ಹೆಚ್ಚುವರಿ ಪೆಟ್ರೋಲ್ ಸಿಂಪಡಿಸುತ್ತದೆ. ಅದು ಬೇಡ ಅಂದರೆ ದೊಡ್ಡ ಇಂಜೆಕ್ಟರ್ ಹಾಕಿ ಟ್ಯೂನ್ ಮಾಡಿಸಿ. ಎರಡರಲ್ಲಿ ಒಂದು ಇರಲೇಬೇಕು. ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ಒಂದನ್ನು ಕಣ್ಣಿಗೆ ಕಾಣುವ ಹಾಗೆ ಕೂರಿಸಿ. ಪೂರ್ತಿ ತುಳಿದಾಗ 11.5ರಿಂದ 12ರ ಹತ್ತಿರ ಇರಬೇಕು. 13 ದಾಟಿದರೆ ಆಗಲೇ ಕಾಲು ತೆಗೆಯಿರಿ.

ಮಣ್ಣಿನ_ರಸ್ತೆ:

ಸ್ವಾಮಿ ಅವರು ಹೇಳಿದ್ದೆಲ್ಲ ಒಪ್ಪುತ್ತೇನೆ, ಆದರೆ ನನ್ನ ಪ್ರಕಾರ ಮೊದಲ ದುಡ್ಡು ಅಲ್ಲಿಗೆ ಹೋಗಬಾರದು. 33 ಇಂಚಿನ ಟೈರ್ ಹಾಕಿ 4.10 ಹಾಗೇ ಬಿಟ್ಟಿದ್ದೀರಲ್ಲ, ಅರ್ಧ ರೋಗ ಅಲ್ಲೇ ಇದೆ. ಕಂಪನಿ ಟೈರ್ 31 ಇಂಚು. ದೊಡ್ಡ ಟೈರ್ ಅಂದರೆ ಎಲ್ಲ ಗೇರೂ ಉದ್ದ ಆದ ಹಾಗೆ, ಮೇಲೆ ಚಕ್ರದ ತೂಕವೂ ಜಾಸ್ತಿ. ಎರಡೂ ಡಿಫರೆನ್ಷಿಯಲ್‌ಗೆ 4.88 ಹಾಕಿಸಿ. ಚಕ್ರಕ್ಕೆ ಸಿಗುವ ಎಳೆತ ಈಗಿರುವುದಕ್ಕಿಂತ ಸುಮಾರು 19 ಶೇಕಡಾ ಜಾಸ್ತಿ ಆಗುತ್ತದೆ. ಪ್ರೀಮಿಯಂ ಪೆಟ್ರೋಲ್ ಬೇಡ, ಟ್ಯೂನ್ ಬೇಡ, ನಾಕ್ ಭಯ ಇಲ್ಲ. ಗೇರ್‌ಬಾಕ್ಸ್ ಕೂಡ ತಂಪಾಗಿರುತ್ತದೆ, ಏರು ಹತ್ತುವಾಗ ಮೇಲೆ ಕೆಳಗೆ ಗೇರ್ ಹುಡುಕುವುದು ನಿಲ್ಲುತ್ತದೆ.

ಇನ್ನೊಂದು ವಿಷಯ, ಇದನ್ನು ಯಾರೂ ಕೇಳಲೇ ಇಲ್ಲ. ಗಾಡಿಯ ಚಾಸಿ ಹೇಗಿದೆ? 1995ರಿಂದ 2000ದವರೆಗಿನ ಟಕೋಮಾಗಳ ಚಾಸಿ ತುಕ್ಕಿಗೆ ಟೊಯೊಟಾ 2008ರಲ್ಲಿ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತ್ತು, ಪೂರ್ತಿ ಕೆಟ್ಟಿದ್ದ ಗಾಡಿಗಳನ್ನು ವಾಪಸ್ ಕೊಂಡುಕೊಂಡಿತ್ತು. ಆ ಅವಧಿ ಎಂದೋ ಮುಗಿದಿದೆ. ಹಿಮಕ್ಕೆ ಉಪ್ಪು ಸುರಿಯುವ ಊರಲ್ಲಿ ಓಡಿದ ಗಾಡಿ ಆಗಿದ್ದರೆ ಕೆಳಗೆ ಮಲಗಿ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಮತ್ತು ಚಾಸಿಯ ಒಳಮುಖ ಸುತ್ತಿಗೆಯಿಂದ ತಟ್ಟಿ ನೋಡಿ. ತೂತು ಬಿದ್ದಿರುವ ಚಾಸಿ ಮೇಲೆ 60 ಹಾರ್ಸ್‌ಪವರ್ ಜಾಸ್ತಿ ಹಾಕುವುದರಲ್ಲಿ ಅರ್ಥ ಇಲ್ಲ.

ಘಾಟಿ_ಗಾಡಿ:

ಇಬ್ಬರಿಗೂ ಧನ್ಯವಾದ. ಗಾಡಿ ಹುಟ್ಟಿದ್ದು ಬೆಳೆದಿದ್ದು ಅರಿಜೋನಾದಲ್ಲಿ, ಚಾಸಿ ಚೆನ್ನಾಗಿದೆ. 4.88 ವಿಷಯ ನಿಜಕ್ಕೂ ತಲೆಗೆ ಹೋಯಿತು. ಆದರೆ ಗೇರ್ ಬದಲಾಯಿಸಿದರೆ ಸುರಂಗದ ಹತ್ತಿರ ಕಳೆದುಹೋದ ಮೂರನೇ ಒಂದು ಪಾಲು ಬರುವುದಿಲ್ಲ ಅಲ್ವಾ? ಎರಡನ್ನೂ ಮಾಡಿಸುವ ಯೋಚನೆ ಬರುತ್ತಿದೆ. ಕಿಟ್ ನೋಡಲು ಹೋದಾಗ ಏನನ್ನು ಪರೀಕ್ಷಿಸಬೇಕು? ಮತ್ತೆ, ಇಲ್ಲಿ ಸಿಗುವ ಮಾಮೂಲಿ ಪೆಟ್ರೋಲ್ 85 ಆಕ್ಟೇನ್. ಈಗ ಅದನ್ನೇ ಹಾಕಿಸುತ್ತಿದ್ದೇನೆ.

ಸ್ಯಾಕ್ರಮೆಂಟೊ_ಕನ್ನಡಿಗ:

85 ಬೇಡವೇ ಬೇಡ, ಆಕ್ಟೇನ್ ಕಡಿಮೆ ಇದ್ದರೆ ನಾಕ್ ಬೇಗ ಆಗುತ್ತದೆ. ಸೂಪರ್‌ಚಾರ್ಜರ್ ಬಿದ್ದ ದಿನದಿಂದ 91 ಮಾತ್ರ. ಖರ್ಚಿನ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿಕೊಳ್ಳಿ, ಗಾಡಿ ಇರುವವರೆಗೂ ಕೊಡುತ್ತಾ ಇರಬೇಕಾದ ದುಡ್ಡು ಅದು.

ಕಿಟ್ ನೋಡುವಾಗ ಪುಲ್ಲಿಯನ್ನು ಕೈಯಿಂದ ತಿರುಗಿಸಿ. ನುಣ್ಣಗೆ ತಿರುಗಬೇಕು, ಗರಗರ ಅನ್ನಬಾರದು, ಪಕ್ಕಕ್ಕೆ ಅಲುಗಾಡಬಾರದು. ಮೂತಿಯ ಕಡೆ ಇರುವ ಕಪ್ಲರ್ (ಪುಲ್ಲಿಯನ್ನು ರೋಟರ್‌ಗೆ ಜೋಡಿಸುವ ತುಂಡು) ಸವೆದರೆ ಐಡಲ್‌ನಲ್ಲಿ ಕಟಕಟ ಸದ್ದು ಬರುತ್ತದೆ. ಕಪ್ಲರ್ ಸಣ್ಣ ಸಾಮಾನು, ಬದಲಾಯಿಸಬಹುದು, ಅದಕ್ಕಾಗಿ ಕಿಟ್ ಬಿಡಬೇಡಿ, ಬೆಲೆ ಇಳಿಸಿ. ಒಳಗೆ ಟಾರ್ಚ್ ಬಿಟ್ಟು ರೋಟರ್ ನೋಡಿ. ಗೀರು ಬಿದ್ದಿದ್ದರೆ ಅಥವಾ ಒಳಗೆಲ್ಲ ಎಣ್ಣೆ ಒಸರಿದ್ದರೆ ಬೇರಿಂಗ್, ಸೀಲ್ ಹೋಗಿದೆ ಅಂತಲೇ ಅರ್ಥ. ಬ್ಲೋವರ್‌ಗೆ ಅದರದೇ ಬೇರೆ ಎಣ್ಣೆ ಇದೆ, ಇಂಜಿನ್ ಆಯಿಲ್ ಅಲ್ಲ. ಮಾಲೀಕರು ಅದನ್ನು ಎಂದಾದರೂ ಬದಲಾಯಿಸಿದ್ದಾರಾ ಅಂತ ಕೇಳಿ, ಉತ್ತರದಲ್ಲೇ ಅರ್ಧ ಗೊತ್ತಾಗುತ್ತದೆ. ಬ್ರಾಕೆಟ್, ಐಡ್ಲರ್ ಪುಲ್ಲಿ, ಬೈಪಾಸ್ ವಾಲ್ವ್, ಬೋಲ್ಟುಗಳು ಎಲ್ಲ ಇವೆಯಾ ನೋಡಿ. ಕಿಟ್ ತಯಾರಿಕೆ ನಿಂತಿದೆ, ಬಿಡಿಭಾಗ ಹುಡುಕುತ್ತಾ ಕೂರಬೇಕಾಗುತ್ತದೆ.

ನಾವು ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ತಲೆನೋವು ಇದೆ. ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ, ಕಿಟ್‌ನ ಅನುಮತಿ ಸಂಖ್ಯೆ ಇರುವ ಸ್ಟಿಕ್ಕರ್ ಬಾನೆಟ್ ಕೆಳಗೆ ಇರಲೇಬೇಕು. ಚಿಕ್ಕ ಪುಲ್ಲಿ ಹಾಕಿ ಬೂಸ್ಟ್ ಏರಿಸಿದರೆ ಆ ಅನುಮತಿ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ರಾಜ್ಯದ ನಿಯಮ ಬೇರೆ, ಆದರೂ ಸ್ಟಿಕ್ಕರ್ ಇದ್ದರೆ ಕೇಳಿ ಇಸ್ಕೊಳ್ಳಿ. ಮುಂದೆ ಕಿಟ್ ಮಾರುವಾಗ ಬೆಲೆ ಬರುತ್ತದೆ.

ಸ್ಪ್ಯಾನರ್_ಸ್ವಾಮಿ:

ಎರಡೂ ಮಾಡಿಸುವುದಾದರೆ ಗೇರ್ ಮೊದಲು, ಬ್ಲೋವರ್ ಆಮೇಲೆ. ಮಣ್ಣಿನ_ರಸ್ತೆ ಹೇಳಿದ್ದು ಸರಿ. 4.88 ಹಾಕಿಸಿ ಒಂದು ಬೇಸಿಗೆ ಟ್ರೇಲರ್ ಎಳೆದು ನೋಡಿ, ಸಾಕು ಅನ್ನಿಸಿದರೆ ದುಡ್ಡು ಉಳಿಯಿತು.

ಸಾಲದು ಅನ್ನಿಸಿದರೆ, ಬ್ಲೋವರ್ ಕೂರಿಸಲು ಮೇಲಿನ ಇಂಟೇಕ್ (ಇಂಜಿನ್‌ಗೆ ಗಾಳಿ ಹೋಗುವ ಭಾಗ) ಬಿಚ್ಚಲೇಬೇಕು. ಆಗ ಇನ್ನು ಸ್ವಲ್ಪ ಕೆಳಗೆ ಹೋಗಿ, ಕೆಳಗಿನ ಇಂಟೇಕ್ ಅಡಿಯಲ್ಲಿ ಕೂತಿರುವ ನಾಕ್ ಸೆನ್ಸರ್‌ಗಳನ್ನೂ ಅದರ ವೈರನ್ನೂ ಹೊಸದು ಹಾಕಿಸಿ. ಇಷ್ಟು ವರ್ಷದ ಬಿಸಿಗೆ ಆ ವೈರ್ ಹಪ್ಪಳದ ಹಾಗೆ ಮುರಿಯುತ್ತದೆ. ಇಂಜಿನ್ ನಾಕ್ ಆದಾಗ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವುದು ಅದೊಂದೇ. ವಾಲ್ವ್ ಕವರ್ ಗ್ಯಾಸ್ಕೆಟ್, ಒಂದು ಹಂತ ತಣ್ಣನೆಯ ಸ್ಪಾರ್ಕ್ ಪ್ಲಗ್ ಕೂಡ ಆಗಲೇ. ಟೈಮಿಂಗ್ ಬೆಲ್ಟ್ 90,000 ಮೈಲಿ ಹತ್ತಿರ ಬಂದಿದ್ದರೆ ಅದನ್ನೂ ವಾಟರ್ ಪಂಪನ್ನೂ ಸೇರಿಸಿ ಮುಗಿಸಿಬಿಡಿ.

ಕೊನೆಯದಾಗಿ ರೇಡಿಯೇಟರ್. ನಿಮ್ಮದು ಆಟೋಮ್ಯಾಟಿಕ್ ಆದ್ದರಿಂದ ಇದು ತುಂಬಾ ಮುಖ್ಯ. ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರ್ ಒಳಗಿನ ಕೊಳವೆಯಲ್ಲಿ. ಹಳೆಯ ರೇಡಿಯೇಟರಿನಲ್ಲಿ ಅದು ಒಳಗೇ ಒಡೆದರೆ ಕೂಲಂಟ್ ಹೋಗಿ ಗೇರ್ ಆಯಿಲ್‌ಗೆ ಸೇರುತ್ತದೆ, ಎಣ್ಣೆ ಗುಲಾಬಿ ಬಣ್ಣದ ಹಾಲಿನ ಥರ ಆಗುತ್ತದೆ, ಗೇರ್‌ಬಾಕ್ಸ್ ಕಥೆ ಮುಗಿಯಿತು. ಬ್ಲೋವರ್, ಟ್ರೇಲರ್, ಉದ್ದದ ಏರು ಮೂರೂ ಸೇರಿದರೆ ಬಿಸಿ ಇನ್ನೂ ಜಾಸ್ತಿ. ಈ ಕಿಟ್‌ಗೆ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್ ಬೇರೆ ಇಲ್ಲ. ಹೊಸ ರೇಡಿಯೇಟರ್ ಹಾಕಿಸಿ, ಗೇರ್ ಆಯಿಲ್‌ಗೆ ಹೊರಗೆ ಬೇರೆಯೇ ಕೂಲರ್ ಕೊಡಿಸಿ. ಇದನ್ನು ಸೂಪರ್‌ಚಾರ್ಜರ್ ಹಾಕಿಸದೇ ಇದ್ದರೂ ಮಾಡಿಸಿ, ಸಾಧ್ಯವಾದರೆ ಮುಂದಿನ ಸಲ ಟ್ರೇಲರ್ ಕಟ್ಟುವ ಮೊದಲೇ.