ಡಿವಿಡಿ ಮೆನುವಿನ ಬಟನ್‌ಗಳಿಗೆ ಜಾಗಟೆ, ಚೆಂಡೆಯ ಸದ್ದು ಸೇರಿಸುವುದು ಹೇಗೆ?

ಪ್ರಶ್ನೆ (ಉಡುಪಿಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರು ಆಡಿಸಿದ ಹರಕೆಯ ಯಕ್ಷಗಾನ ಆಟದ ವಿಡಿಯೊವನ್ನು ಡಿವಿಡಿಗೆ ಹಾಕುತ್ತಿದ್ದೇನೆ. ಮನೆಯ ಹಿರಿಯರಿಗೆ ಟಿವಿಯ ಕೆಳಗಿರುವ ಪ್ಲೇಯರ್ ಮತ್ತು ಅದರ ರಿಮೋಟ್ ಮಾತ್ರ ರೂಢಿಯಾಗಿರುವುದರಿಂದ ಪೆನ್‌ಡ್ರೈವ್ ಬೇಡ, ಡಿವಿಡಿಯೇ ಆಗಬೇಕು ಎಂದಿದ್ದಾರೆ. ಮೆನುವಿನಲ್ಲಿ ಪೂರ್ವರಂಗ, ಒಡ್ಡೋಲಗ, ಯುದ್ಧ, ಮಂಗಳ ಎಂಬ ನಾಲ್ಕು ಬಟನ್‌ಗಳಿವೆ. ಹಿನ್ನೆಲೆಯಲ್ಲಿ ಭಾಗವತರ ಪದ್ಯದ ತುಣುಕೊಂದು ಕೇಳಿಸುತ್ತಿರುತ್ತದೆ. ಒಂದು ಬಟನ್‌ನಿಂದ ಇನ್ನೊಂದಕ್ಕೆ ಸರಿದಾಗ ಜಾಗಟೆಯ ಸಣ್ಣ ಸದ್ದು, ಓಕೆ ಒತ್ತಿದಾಗ ಚೆಂಡೆಯ ಒಂದು ಪೆಟ್ಟು ಬರಬೇಕೆಂಬುದು ನನ್ನ ಅಪೇಕ್ಷೆ. ಕಣ್ಣು ಮಂಜಾದ ಅಜ್ಜಿಗೆ ಬಟನ್ ಒತ್ತಿದ್ದು ಪ್ಲೇಯರ್‌ಗೆ ತಲುಪಿತೆಂದು ಕಿವಿಯಿಂದಲಾದರೂ ತಿಳಿಯಲಿ ಎಂಬುದೇ ಇದರ ಮುಖ್ಯ ಉದ್ದೇಶ. ಡಿವಿಡಿ ತಯಾರಿಸುವ ತಂತ್ರಾಂಶವಾದ ಡಿವಿಡಿಸ್ಟೈಲರ್‌ನಲ್ಲಿ ಬಟನ್‌ಗೆ ಚಿತ್ರ, ಬಣ್ಣ, ಹೋಗಬೇಕಾದ ಅಧ್ಯಾಯ ಎಲ್ಲವನ್ನೂ ಕೊಡಬಹುದು. ಆದರೆ ಸದ್ದಿನ ಫೈಲ್ ಕೊಡುವ ಜಾಗ ಎಲ್ಲಿಯೂ ಕಾಣುವುದಿಲ್ಲ. ದಯವಿಟ್ಟು ಬಲ್ಲವರು ತಿಳಿಸಬೇಕು.

ಉತ್ತರ (ಮಂಗಳೂರು, ಕದ್ರಿಯಿಂದ)

ಇದು ತಂತ್ರಾಂಶದ ಕೊರತೆಯಲ್ಲ. ಡಿವಿಡಿ-ವಿಡಿಯೊದ ರಚನೆಯಲ್ಲಿಯೇ ಬಟನ್‌ಗೆ ಸದ್ದನ್ನು ಅಂಟಿಸುವ ಏರ್ಪಾಡು ಇಲ್ಲ. ನಾವು ಬಟನ್ ಎಂದು ನೋಡುವುದು ಹಿನ್ನೆಲೆಯ ವಿಡಿಯೊದಲ್ಲಿ ಬೆರೆತ ಚಿತ್ರವನ್ನು. ಅದರ ಮೇಲೆ ನಾಲ್ಕೇ ಬಣ್ಣಗಳ ಸಬ್‌ಪಿಕ್ಚರ್ ಎಂಬ ತೆಳುಪದರವೊಂದಿದ್ದು, ರಿಮೋಟ್‌ನ ಬಾಣ ಒತ್ತಿದಾಗ ಪ್ಲೇಯರ್ ಆ ಪದರದ ಒಂದು ಆಯತದೊಳಗಿನ ಬಣ್ಣವನ್ನಷ್ಟೇ ಬದಲಿಸುತ್ತದೆ. ಬಟನ್‌ನ ಬಗ್ಗೆ ಡಿಸ್ಕ್‌ನಲ್ಲಿ ಬರೆದಿರುವುದು ಅದರ ಆಯತ ಎಲ್ಲಿದೆ, ಬಾಣ ಒತ್ತಿದರೆ ಯಾವ ದಿಕ್ಕಿಗೆ ಯಾವ ಬಟನ್, ಓಕೆ ಒತ್ತಿದರೆ ಯಾವ ಆದೇಶ ಎಂಬಿಷ್ಟೇ. ಮೆನುವಿಗೆ ಇರುವುದು ಒಂದೇ ಆಡಿಯೊ ಟ್ರ್ಯಾಕ್; ಅದು ನುಡಿಯುತ್ತಿರುವಾಗ ಅದರ ಮೇಲೆ ಇನ್ನೊಂದು ಸದ್ದನ್ನು ಬೆರೆಸುವುದು ಪ್ಲೇಯರ್‌ಗೆ ಸಾಧ್ಯವಿಲ್ಲ. ಮುಂದೆ ಬಂದ ಬ್ಲೂ-ರೇಯಲ್ಲಿ ಬಟನ್ ಸದ್ದುಗಳಿಗೆಂದೇ ಪ್ರತ್ಯೇಕ ಫೈಲ್ ಇಡುವ ಅವಕಾಶ ಬಂತು, ಡಿವಿಡಿಗೆ ಅದು ಬರಲೇ ಇಲ್ಲ.

ಆದ್ದರಿಂದ ಸದ್ದು ಬೇಕೆಂದರೆ, ಆ ಸದ್ದನ್ನು ಹೊತ್ತ ಬೇರೊಂದು ವಿಡಿಯೊ ತುಣುಕಿಗೆ ಜಿಗಿಯುವುದೊಂದೇ ದಾರಿ.

ಸರಿದಾಗ ಬರಬೇಕಾದ ಜಾಗಟೆಯ ಸದ್ದನ್ನು ಕೈಬಿಡಿ ಎಂಬುದು ನನ್ನ ಸಲಹೆ. ಅದನ್ನು ಮಾಡಲು ನಾಲ್ಕು ಬಟನ್‌ಗಳಿಗೆ ನಾಲ್ಕು ಪ್ರತ್ಯೇಕ ಮೆನುಗಳನ್ನು ಕಟ್ಟಬೇಕು. ಪ್ರತಿಯೊಂದರಲ್ಲಿಯೂ ಅದರದೇ ಬಟನ್ ಮಾಮೂಲಿಯಾಗಿದ್ದು ಉಳಿದ ಮೂರು, ಹೈಲೈಟ್ ಬಂದ ಕೂಡಲೇ ಓಕೆ ಒತ್ತದೆಯೂ ತಾವಾಗಿ ಜಿಗಿಯುವ ಬಗೆಯವಾಗಿರಬೇಕು. ಇದು ಸಾಧ್ಯವೇನೋ ಹೌದು. ಆದರೆ ಪ್ರತಿ ಸಲ ಬಾಣ ಒತ್ತಿದಾಗಲೂ ಲೇಸರ್ ಡಿಸ್ಕ್‌ನ ಬೇರೆ ಜಾಗವನ್ನು ಹುಡುಕಿಕೊಂಡು ಹೋಗುವುದರಿಂದ ಪರದೆ ಒಂದು ಕ್ಷಣ ತಡೆದು ನಿಲ್ಲುತ್ತದೆ. ಭಾಗವತರ ಪದ್ಯವೂ ಪ್ರತಿ ಸಲ ಮೊದಲಿನಿಂದ ಆರಂಭವಾಗುತ್ತದೆ. ಬಾಣವನ್ನು ಎರಡು ಸಲ ಬೇಗ ಒತ್ತುವ ಹಿರಿಯರಿಗೆ ಇದರಿಂದ ನೆರವಿಗಿಂತ ಗೊಂದಲವೇ ಹೆಚ್ಚು.

ಓಕೆ ಒತ್ತಿದಾಗಿನ ಚೆಂಡೆಯ ಪೆಟ್ಟಿಗೆ ಈ ತೊಂದರೆಗಳಿಲ್ಲ, ಏಕೆಂದರೆ ಆಗ ಹೇಗಿದ್ದರೂ ಮೆನುವನ್ನು ಬಿಟ್ಟು ಹೊರಡುತ್ತೇವೆ. ಮೆನುವಿನದೇ ಹಿನ್ನೆಲೆ ಚಿತ್ರವನ್ನಿಟ್ಟು ಸುಮಾರು ಒಂದು ಸೆಕೆಂಡಿನ ತುಣುಕೊಂದನ್ನು ಮಾಡಿ, ಅದರ ಆಡಿಯೊದಲ್ಲಿ ಚೆಂಡೆಯ ಪೆಟ್ಟನ್ನು ಹಾಕಿ, ಅದನ್ನು ಎರಡನೆಯ ಮೆನುವಾಗಿ ಸೇರಿಸಿ. ಅದರಲ್ಲಿ ಬಟನ್‌ಗಳು ಬೇಡ. ನಾಲ್ಕು ಬಟನ್‌ಗಳಿಗೂ ಈ ಒಂದೇ ತುಣುಕು ಸಾಕಾಗುತ್ತದೆ. ಅದು ಹೇಗೆಂದರೆ, ಡಿವಿಡಿ ಪ್ಲೇಯರ್‌ನಲ್ಲಿ ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳುವ 16 ಸಾಮಾನ್ಯ ರಿಜಿಸ್ಟರ್‌ಗಳಿವೆ. ಡಿವಿಡಿಸ್ಟೈಲರ್‌ನ ಒಳಗಿದ್ದು ಡಿಸ್ಕ್‌ನ ರಚನೆಯನ್ನು ಕಟ್ಟುವ ಡಿವಿಡಿಆಥರ್ ಎಂಬ ತಂತ್ರಾಂಶ ಕೊನೆಯ ಮೂರನ್ನು ತನಗಾಗಿ ಇಟ್ಟುಕೊಳ್ಳುತ್ತದೆ, ಉಳಿದವು ನಮಗೆ. ಪೂರ್ವರಂಗದ ಬಟನ್‌ಗೆ ಕಸ್ಟಮ್ ಆದೇಶವಾಗಿ ಮೊದಲ ರಿಜಿಸ್ಟರ್‌ನಲ್ಲಿ 1 ಎಂದು ಬರೆದು ಎರಡನೆಯ ಮೆನುವಿಗೆ ಜಿಗಿ ಎಂದು ಕೊಡಿ. ಒಡ್ಡೋಲಗಕ್ಕೆ 2, ಯುದ್ಧಕ್ಕೆ 3, ಮಂಗಳಕ್ಕೆ 4. ಚೆಂಡೆ ತುಣುಕಿನ ಪೋಸ್ಟ್ ಕಮಾಂಡ್‌ನಲ್ಲಿ (ತುಣುಕು ಮುಗಿದ ಮೇಲೆ ನಡೆಯುವ ಆದೇಶ), ಆ ರಿಜಿಸ್ಟರ್ 1 ಆಗಿದ್ದರೆ ಮೊದಲ ಅಧ್ಯಾಯಕ್ಕೆ, 2 ಆಗಿದ್ದರೆ ಎರಡನೆಯದಕ್ಕೆ ಎಂದು ಸಾಲಾಗಿ ಬರೆಯಿರಿ.

ಎರಡು ಕಡೆ ಎಚ್ಚರ ಬೇಕು. ಚೆಂಡೆ ತುಣುಕಿನ ವಿರಾಮವನ್ನು ಅನಂತ ಎಂದು ಬಿಟ್ಟರೆ ಪೋಸ್ಟ್ ಕಮಾಂಡ್ ನಡೆಯುವುದೇ ಇಲ್ಲ, ಚಿತ್ರ ಅಲ್ಲಿಯೇ ನಿಂತುಬಿಡುತ್ತದೆ, ವಿರಾಮ ಸೊನ್ನೆಯಾಗಿರಲಿ. ಎರಡೂ ಮೆನುಗಳನ್ನು ಡಿಸ್ಕ್‌ನ ಮೇಲುಸ್ತರದಲ್ಲಿಡದೆ ಟೈಟಲ್‌ಸೆಟ್‌ನೊಳಗೇ (ವಿಡಿಯೊ ಮತ್ತು ಅದರ ಮೆನುಗಳ ಗುಂಪು) ಇಡಿ, ಏಕೆಂದರೆ ಮೇಲುಸ್ತರದ ಮೆನುವಿನಿಂದ ಟೈಟಲ್‌ಗೆ, ಅಂದರೆ ಇಡೀ ವಿಡಿಯೊಗೆ, ನೇರವಾಗಿ ಜಿಗಿಯಬಹುದೇ ಹೊರತು ಅದರೊಳಗಿನ ಅಧ್ಯಾಯಕ್ಕೆ ಜಿಗಿಯಲು ಬರುವುದಿಲ್ಲ.

ಮರುಪ್ರಶ್ನೆ (ಉಡುಪಿಯಿಂದ)

ತಾವು ಹೇಳಿದಂತೆ ಮಾಡಿದೆ. ಟಿವಿಯ ಸ್ಪೀಕರ್‌ನಲ್ಲಿ ಚೆಂಡೆಯ ಪೆಟ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ. ಜಾಗಟೆಯನ್ನು ಬಿಟ್ಟಿದ್ದೇನೆ. ಆದರೆ ಚಾವಡಿಯಲ್ಲಿರುವ ಹೋಮ್ ಥಿಯೇಟರ್‌ಗೆ ಆಪ್ಟಿಕಲ್ ಕೇಬಲ್ ಜೋಡಿಸಿದಾಗ ಪೆಟ್ಟಿನ ಮೊದಲ ಭಾಗ ಮಾಯವಾಗಿ ಬರಿಯ ಅನುರಣನ ಮಾತ್ರ ಉಳಿಯುತ್ತದೆ. ಇನ್ನೊಂದು ವಿಷಯ: ಯುದ್ಧದ ಭಾಗ ನೋಡುವಾಗ ರಿಮೋಟ್‌ನ ಮೆನು ಕೀಲಿ ಒತ್ತಿದರೆ ಹೈಲೈಟ್ ಯುದ್ಧದ ಮೇಲಿರದೆ ಪೂರ್ವರಂಗಕ್ಕೆ ಹೋಗಿ ಕೂರುತ್ತದೆ.

ಉತ್ತರ (ಸುರತ್ಕಲ್‌ನಿಂದ)

ಆಪ್ಟಿಕಲ್ ಕೇಬಲ್‌ನಲ್ಲಿ ಡಾಲ್ಬಿ ಡಿಜಿಟಲ್ ಎಂಬ ಕುಗ್ಗಿಸಿದ ಬಗೆಯ ಆಡಿಯೊ ಬಿಚ್ಚದ ಕಟ್ಟಾಗಿಯೇ ಹೋಗುತ್ತದೆ. ಅದನ್ನು ಬಿಚ್ಚುವ ಕೆಲಸ ಆಂಪ್ಲಿಫೈಯರ್‌ನದು. ಹೊಸ ತುಣುಕಿಗೆ ಜಿಗಿದಾಗ ಆ ಹರಿವು ಕಡಿದು ಮತ್ತೆ ಶುರುವಾಗುತ್ತದೆ, ಅದನ್ನು ಗುರುತಿಸಿಕೊಳ್ಳಲು ಆಂಪ್ಲಿಫೈಯರ್‌ಗೆ ಸ್ವಲ್ಪ ಸಮಯ ಬೇಕಾಗುತ್ತದೆ. ಚೆಂಡೆಯ ಪೆಟ್ಟಿನ ಜೀವವಿರುವುದೇ ಕೋಲು ಚರ್ಮಕ್ಕೆ ತಾಗುವ ಆ ಮೊದಲ ಕ್ಷಣದಲ್ಲಿ. ನಿಮಗೆ ತಪ್ಪಿಹೋಗುತ್ತಿರುವುದು ಅದೇ. ಸದ್ದು ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಪೆಟ್ಟಿನ ಮೊದಲು 300 ಮಿಲಿಸೆಕೆಂಡಿನಷ್ಟು ನಿಶ್ಶಬ್ದವನ್ನು ಸೇರಿಸಿ, ಸಾಲದಿದ್ದರೆ 500ರವರೆಗೆ ಏರಿಸಿ. ಅದಕ್ಕಿಂತ ಹೆಚ್ಚಾದರೆ ಒತ್ತಿದ್ದಕ್ಕೂ ಸದ್ದಿಗೂ ಸಂಬಂಧವಿಲ್ಲದಂತೆ ತೋರುತ್ತದೆ, ಅಜ್ಜಿಯವರು ಮತ್ತೊಮ್ಮೆ ಒತ್ತಿಬಿಡಬಹುದು. ಫೈಲ್ 48 ಕಿಲೋಹರ್ಟ್ಸ್‌ನಲ್ಲಿರಲಿ; ಪದ್ಯ, ಚೆಂಡೆ, ಆಟ ಮೂರಕ್ಕೂ ಆಡಿಯೊದ ಬಗೆ ಒಂದೇ ಇರಲಿ, ಏಕೆಂದರೆ ಒಂದಕ್ಕೆ ಪಿಸಿಎಂ (ಕುಗ್ಗಿಸದ ಆಡಿಯೊ), ಇನ್ನೊಂದಕ್ಕೆ ಡಾಲ್ಬಿ ಎಂದಾದರೆ ಆಂಪ್ಲಿಫೈಯರ್ ಪ್ರತಿ ಸಲವೂ ಬದಲಾಯಿಸಿಕೊಳ್ಳಬೇಕಾಗಿ ಇನ್ನಷ್ಟು ತಡವಾಗುತ್ತದೆ. ಪ್ಲೇಯರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂಗೆ ಬದಲಿಸಿಯೂ ನೋಡಬಹುದು, ಆದರೆ ಈ ಡಿಸ್ಕ್ ಬೇರೆ ನೆಂಟರ ಮನೆಗಳಿಗೂ ಹೋಗುವುದಾದರೆ ಸದ್ದಿನ ಫೈಲನ್ನೇ ಸರಿಪಡಿಸುವುದು ಉತ್ತಮ.

ಹೈಲೈಟ್‌ನ ಸಮಸ್ಯೆಗೆ ಬೇಕಾದ ಮಾಹಿತಿ ನಿಮ್ಮ ಮೊದಲ ರಿಜಿಸ್ಟರ್‌ನಲ್ಲಿಯೇ ಇದೆ. ಡಿವಿಡಿಯಲ್ಲಿ ಬಟನ್‌ನ ಸಂಖ್ಯೆಯನ್ನು 1024ರಿಂದ ಗುಣಿಸಿ ಬರೆಯುವ ಕ್ರಮ. ಅಂದರೆ ಎರಡನೆಯ ಬಟನ್ 2048, ಮೂರನೆಯದು 3072, ನಾಲ್ಕನೆಯದು 4096. ಮುಖ್ಯ ಮೆನುವಿನ ಪ್ರೀ ಕಮಾಂಡ್‌ನಲ್ಲಿ (ಮೆನು ತೋರುವ ಮೊದಲು ನಡೆಯುವ ಆದೇಶ), ರಿಜಿಸ್ಟರ್ 3 ಆಗಿದ್ದರೆ ಬಟನ್ 3072 ಎಂದು, ಉಳಿದವುಗಳಿಗೂ ಹಾಗೆಯೇ ಬರೆಯಿರಿ. ಡಿಸ್ಕ್ ಹೊಸದಾಗಿ ಹಾಕಿದಾಗ ರಿಜಿಸ್ಟರ್ ಸೊನ್ನೆಯಾಗಿರುವುದರಿಂದ ಈ ಯಾವ ಸಾಲೂ ಅನ್ವಯವಾಗದೆ ಹೈಲೈಟ್ ಪೂರ್ವರಂಗದ ಮೇಲೆಯೇ ಬರುತ್ತದೆ. ಕಂಪ್ಯೂಟರ್‌ನ ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಸರಿಯಾಗಿ ಕಂಡಿತೆಂದು ನೆಚ್ಚಿಕೊಳ್ಳಬೇಡಿ. ಹಾರ್ಡ್‌ಡಿಸ್ಕ್‌ನಿಂದ ಓದುವಾಗ ಲೇಸರ್‌ನ ತಡವೂ ಇಲ್ಲ, ಆಂಪ್ಲಿಫೈಯರ್‌ನ ತಡವೂ ಇಲ್ಲ. ಮತ್ತೆ ಬರೆಯಬಹುದಾದ ಡಿವಿಡಿ ಆರ್‌ಡಬ್ಲ್ಯೂ ಒಂದಕ್ಕೆ ಹಾಕಿ, ಚಾವಡಿಯ ಪ್ಲೇಯರ್‌ನಲ್ಲಿಯೇ ನಾಲ್ಕೂ ಬಟನ್‌ಗಳನ್ನು ಪರೀಕ್ಷಿಸಿದ ಮೇಲೆ ಉಳಿದ ಪ್ರತಿಗಳನ್ನು ಬರ್ನ್ ಮಾಡಿ.