ತಲೆಕೆಳಗಾಗಿ ತೋರ್ಸೋ ಲೆನ್ಸ್ ಹಾಕಿದ್ರೆ ಕೊನೆಗೆ ಎಲ್ಲಾ ನೆಟ್ಟಗೆ ಕಾಣುತ್ತಾ?

ಗುಬ್ಬಿಗೂಡು:
ಜಾರ್ಜ್ ಸ್ಟ್ರಾಟನ್ ಅಂತ ಅಮೆರಿಕದ ಸೈಕಾಲಜಿಸ್ಟ್ ಒಬ್ರು ಇಂಥ ಲೆನ್ಸ್ ಹಾಕ್ಕೊಂಡೇ ದಿನಗಟ್ಲೆ ಇದ್ರಂತೆ, ಆಮೇಲೆ ಮೆದುಳೇ ಚಿತ್ರಾನ ತಿರುಗ್ಸಿ ನೆಟ್ಟಗೆ ಮಾಡ್ತು ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ. ನಿಜಾನಾ?

ರಾತ್ರಿಪಾಳಿ:
ಅರ್ಧ ನಿಜ. 1897ರಲ್ಲಿ ಬರೆದಿರೋದು, ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಲೆನ್ಸ್, ಮಲಗುವಾಗ ಎರಡಕ್ಕೂ ಪಟ್ಟಿ, ಹೀಗೆ 8 ದಿನ. ಶುರುನಲ್ಲಿ ಕೈ ಚಾಚಿದ್ರೆ ತಪ್ಪು ಕಡೆಗೇ ಹೋಗೋದು, ಬರ್ತಾ ಬರ್ತಾ ಓಡಾಟ ಸಲೀಸಾಯ್ತು. ಓಡಾಡ್ತಾ ಇದ್ದಾಗ ಕೆಲವೊಮ್ಮೆ ಎಲ್ಲಾ ನೆಟ್ಟಗಿದೆ ಅನ್ನಿಸ್ತು ಅಷ್ಟೆ, ಚಿತ್ರ ಸ್ವಿಚ್ ಹಾಕ್ದಂಗೆ ತಿರುಗ್ಲಿಲ್ಲ.

ಗುಬ್ಬಿಗೂಡು:
ಹಂಗಾದ್ರೆ ಬದಲಾಗೋದು ನೋಟಾನಾ, ಕೈನಾ?

ಮಸಾಲೆಪುರಿ:
ಹೆಚ್ಚಾಗಿ ಕೈಯೇ. ಜರ್ಮನಿಯವರು ಇದನ್ನ ಮತ್ತೆ ಮಾಡಿ 1999ರಲ್ಲಿ ಪ್ರಕಟಿಸಿದ್ರು, ಜನ ಚೆನ್ನಾಗಿ ಹೊಂದ್ಕೊಂಡ್ರು ಆದ್ರೆ ನೋಟ ನೆಟ್ಟಗಾಗ್ಲಿಲ್ಲ. ಪ್ರಿಸಂ ಕನ್ನಡಕದ್ದು ಇನ್ನೂ ಮಜಾ: ಎಲ್ಲಾ ಬಲಕ್ಕೆ ಸರಿದಂಗೆ ಕಾಣುತ್ತೆ, ಗುರಿ ಮುಟ್ಟೋಕೆ ಹೋದ್ರೆ ಬಲಕ್ಕೆ ತಪ್ಪುತ್ತೆ, ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ, ಕನ್ನಡಕ ತೆಗೆದ್ರೆ ಈಗ ಎಡಕ್ಕೆ ತಪ್ಪುತ್ತೆ! ಕಿರುಮೆದುಳಿಗೆ ಏಟಾದವರಲ್ಲಿ ಈ ಹೊಂದಾಣಿಕೆ ಸರಿಯಾಗಿ ಆಗಲ್ಲ.

ರಾತ್ರಿಪಾಳಿ:
ಹ್ಞೂ, ಸ್ಟ್ರೋಕ್ ಆಗಿ ಎಡಗಡೆ ಇರೋದನ್ನ ಗಮನಿಸದೇ ಹೋಗೋ ರೋಗಿಗಳ ಮೇಲೆ ಫ್ರಾನ್ಸಿನ ರೊಸೆಟ್ಟಿ ತಂಡ ಇದೇ ಪ್ರಿಸಂ ಬಳಸಿ 1998ರಲ್ಲಿ ಸುಧಾರಣೆ ತೋರಿಸ್ತು. ಆಮೇಲಿನ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಥರ ಇಲ್ಲ, ಅದನ್ನ ಮಾತ್ರ ಯಾವ ವಿಡಿಯೋದವ್ರೂ ಹೇಳಲ್ಲ ಬಿಡಿ.